ಬಿಡ್ ಗಡುವು ತಪ್ಪಿತೇ? ದಿವಾಳಿ ಪ್ರಕ್ರಿಯೆಯಲ್ಲಿ ಮುಂದೇನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಗಡುವು ಸಂಜೆ 5 ಗಂಟೆಗೆ. ಮೇಲ್ ಹೋಗಿದ್ದು 5 ಗಂಟೆ 40 ನಿಮಿಷಕ್ಕೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಬ್ಬ ಉದ್ಯಮಿಯ ಬಿಡ್ ಅದು. ಬಾಗಿಲು ಮುಚ್ಚಿದ್ದ ಒಂದು ಕಾರ್ಖಾನೆಯನ್ನು ಕೊಂಡು ಮತ್ತೆ ನಡೆಸಬೇಕು ಅಂತ ಆರು ವಾರ ನಿದ್ದೆಗೆಟ್ಟು ಪ್ಲಾನ್ ಮಾಡಿದ್ದರು. ಬ್ಯಾಂಕ್ ಗ್ಯಾರಂಟಿ ಕೈಗೆ ಬರುವುದು ತಡವಾಯಿತು, ಅಷ್ಟೇ. ನಾನು ಇಂಥ ಬಿಡ್‌ಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅವತ್ತು ರಾತ್ರಿಯೇ ಕೂತು ಪತ್ರ ಬರೆದೆವು. ಸಾಲದಾತರ ಸಮಿತಿ ಇನ್ನೂ ಯಾರ ಪ್ಲಾನನ್ನೂ ತೆರೆದಿರಲಿಲ್ಲ. ಎಲ್ಲರಿಗೂ ಏಳು ದಿನ ಹೆಚ್ಚು ಕೊಟ್ಟರು.

ಎರಡು ವರ್ಷದ ನಂತರ ಇನ್ನೊಂದು ಪ್ರಕರಣ ಬಂತು. ತಡವಾಗಿದ್ದಕ್ಕೆ ಕಾರಣ ಇದಕ್ಕಿಂತ ಗಟ್ಟಿಯಾಗಿತ್ತು, ಬೆಲೆಯೂ ಜಾಸ್ತಿ ಇತ್ತು. ಆದರೆ ಅವರು ನಮ್ಮ ಹತ್ತಿರ ಬರುವ ಹೊತ್ತಿಗೆ ಸಮಿತಿ ಮತ ಹಾಕಿ ಮುಗಿಸಿತ್ತು. ಎಲ್ಲಿಯೂ ಏನೂ ಗಿಟ್ಟಲಿಲ್ಲ.

ಈ ಎರಡು ಪ್ರಕರಣಗಳ ನಡುವಿನ ವ್ಯತ್ಯಾಸವೇ ಈ ಬರಹದ ತಿರುಳು. ನೀವು ಎಷ್ಟು ತಡ ಮಾಡಿದಿರಿ, ಯಾಕೆ ಮಾಡಿದಿರಿ ಅನ್ನುವುದಕ್ಕಿಂತ, ನೀವು ಬಾಗಿಲು ತಟ್ಟಿದಾಗ ಸಮಿತಿ ಯಾವ ಹಂತದಲ್ಲಿತ್ತು ಅನ್ನುವುದು ದೊಡ್ಡ ವಿಷಯ. ಕೆಳಗಿನ ಎಲ್ಲ ಹಂತಗಳನ್ನೂ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಕೆಲವು ಪದಗಳು

2016ರ ದಿವಾಳಿ ಸಂಹಿತೆಯನ್ನು ಎಲ್ಲರೂ ಐಬಿಸಿ ಅನ್ನುತ್ತಾರೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿದ ಮೇಲೆ ಅದನ್ನು ನಡೆಸುವವರು ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ಆರ್‌ಪಿ. ಸಾಲ ಕೊಟ್ಟ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಸೇರಿ ಆಗುವುದು ಸಾಲದಾತರ ಸಮಿತಿ. ಕಂಪನಿಯನ್ನು ಕೊಳ್ಳಲು ಬರುವವರು ಕೊಡುವ ಪ್ರಸ್ತಾವವೇ ರೆಸಲ್ಯೂಷನ್ ಪ್ಲಾನ್. ವ್ಯಾಜ್ಯ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ. ಕರ್ನಾಟಕದಲ್ಲಿ ನೋಂದಣಿಯಾದ ಕಂಪನಿಗಳಿಗೆ ಬೆಂಗಳೂರು ಪೀಠ. ಅದರ ಮೇಲಿನ ಅಪೀಲು ಮೇಲ್ಮನವಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಎಟಿಯ ಚೆನ್ನೈ ಪೀಠಕ್ಕೆ, ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟಿಗೆ.

ಹಂತ 1: ತಪ್ಪಿದ್ದು ಯಾವ ಗಡುವು?

"ಗಡುವು ತಪ್ಪಿತು" ಅಂತ ಬರುವವರಲ್ಲಿ ಅರ್ಧ ಜನಕ್ಕೆ ಯಾವ ಗಡುವು ಅನ್ನುವುದೇ ಸ್ಪಷ್ಟ ಇರುವುದಿಲ್ಲ. ಇದರಲ್ಲಿ ಮೂರು ಬಗೆ ಇದೆ. ಮೂರಕ್ಕೂ ದಾರಿ ಬೇರೆ.

ಮೊದಲನೆಯದು ಆಸಕ್ತಿ ತಿಳಿಸುವ ಗಡುವು. ಆರ್‌ಪಿ 'ಫಾರಂ ಜಿ' ಅನ್ನುವ ಪ್ರಕಟಣೆ ಕೊಡುತ್ತಾರೆ. ಅದನ್ನು ನೋಡಿ ನೀವು ಇಒಐ, ಅಂದರೆ ಆಸಕ್ತಿ ಇದೆ ಅನ್ನುವ ಪತ್ರ, ಕಳಿಸಬೇಕು. ಅದಕ್ಕೆ ಕನಿಷ್ಠ 15 ದಿನ ಇರುತ್ತದೆ. ಸಿಐಆರ್‌ಪಿ ನಿಯಮಾವಳಿಯ (ಈ ಇಡೀ ದಿವಾಳಿ ಪ್ರಕ್ರಿಯೆಯ ನಿಯಮಗಳು) 36ಎ ನಿಯಮ ಇಲ್ಲಿ ಬಹಳ ಕಟ್ಟುನಿಟ್ಟು. ಸಮಯ ಮೀರಿ ಬಂದ ಇಒಐಯನ್ನು ತಿರಸ್ಕರಿಸಲೇಬೇಕು ಅನ್ನುತ್ತದೆ. ಆರ್‌ಪಿ ಎಷ್ಟು ಒಳ್ಳೆಯವರಾದರೂ ಅವರ ಕೈ ಕಟ್ಟಿದೆ. ಇಲ್ಲಿ ಕೇಳಬೇಕಾದದ್ದು "ನನ್ನ ಇಒಐ ತೆಗೆದುಕೊಳ್ಳಿ" ಅಂತಲ್ಲ. "ಸಮಿತಿಯ ಮುಂದಿಟ್ಟು ಕೊನೆ ದಿನವನ್ನು ಎಲ್ಲರಿಗೂ ವಿಸ್ತರಿಸಿ, ಅಥವಾ ಹೊಸ ಫಾರಂ ಜಿ ಹೊರಡಿಸಿ" ಅಂತ ಕೇಳಬೇಕು.

ಎರಡನೆಯದು ಪ್ಲಾನ್ ಸಲ್ಲಿಸುವ ಗಡುವು. ನಿಮ್ಮ ಹೆಸರು ಅರ್ಹ ಬಿಡ್‌ದಾರರ ಅಂತಿಮ ಪಟ್ಟಿಯಲ್ಲಿದೆ, ಆರ್‌ಎಫ್‌ಆರ್‌ಪಿ ಅನ್ನುವ, ಬಿಡ್‌ನ ಷರತ್ತುಗಳೆಲ್ಲ ಇರುವ ದಾಖಲೆ ಕೈಯಲ್ಲಿದೆ, ಆದರೆ ಪ್ಲಾನ್ ತಡವಾಯಿತು. ಪ್ಲಾನ್ ತಯಾರಿಗೆ ಕನಿಷ್ಠ 30 ದಿನ ಕೊಡಬೇಕು ಅನ್ನುವುದು 36ಬಿ ನಿಯಮ. ಅದೇ ನಿಯಮದ ಪ್ರಕಾರ ಸಮಿತಿ ಒಪ್ಪಿದರೆ ಆರ್‌ಪಿ ಈ ಗಡುವನ್ನು ವಿಸ್ತರಿಸಬಹುದು. ಹಾಗಾಗಿ ಇಲ್ಲಿ ಸ್ವಲ್ಪ ಉಸಿರಾಡಲು ಜಾಗ ಇದೆ.

ಮೂರನೆಯದು ಬೆಲೆ ಏರಿಸುವ ಗಡುವು. ಪ್ಲಾನ್ ಸಮಯಕ್ಕೆ ಸರಿಯಾಗಿ ಕೊಟ್ಟಿದ್ದೀರಿ. ನಂತರ ಹರಾಜಿನಂಥ ಸುತ್ತಿನಲ್ಲಿ ಎಲ್ಲರಿಗೂ ಬೆಲೆ ಸುಧಾರಿಸಲು ಅವಕಾಶ ಕೊಟ್ಟರು. ಅದು ಮುಗಿದ ಮೇಲೆ ನೀವು ಇನ್ನೂ ಹೆಚ್ಚು ಕೊಡುತ್ತೇನೆ ಅಂದಿರಿ. ದೇಶದ ದೊಡ್ಡ ಜಗಳಗಳು ಹುಟ್ಟಿದ್ದು ಹೆಚ್ಚಾಗಿ ಇಲ್ಲಿಯೇ.

ಹಂತ 2: ಸಮಿತಿ ಎಲ್ಲಿದೆ ಅಂತ ಅದೇ ದಿನ ಪತ್ತೆ ಮಾಡಿ

ಲಕೋಟೆಗಳು ತೆರೆದಿವೆಯೇ? ಪ್ಲಾನ್‌ಗಳ ಮೇಲೆ ಚರ್ಚೆ ಶುರುವಾಗಿದೆಯೇ? ಮತದಾನಕ್ಕೆ ಇಟ್ಟಿದ್ದಾರೆಯೇ? ಮತ ಮುಗಿದಿದೆಯೇ? ಎನ್‌ಸಿಎಲ್‌ಟಿಗೆ ಒಪ್ಪಿಗೆಗೆ ಹೋಗಿದೆಯೇ? ಈ ಐದು ಪ್ರಶ್ನೆಗೆ ಉತ್ತರ ಬೇಕು.

ಫಾರಂ ಜಿ ಮತ್ತು ಅದರ ತಿದ್ದುಪಡಿಗಳು ದಿವಾಳಿ ಪ್ರಕ್ರಿಯೆಗಳ ನಿಯಂತ್ರಣ ಮಂಡಳಿಯಾದ ಐಬಿಬಿಐ ಜಾಲತಾಣದಲ್ಲಿ ಸಿಗುತ್ತವೆ. ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ ಎಕ್ಸ್‌ಚೇಂಜ್‌ಗೆ ಕೊಟ್ಟ ಮಾಹಿತಿ ನೋಡಿ. ಎಷ್ಟು ಪ್ಲಾನ್ ಬಂದಿವೆ, ಸಮಿತಿ ಏನು ತೀರ್ಮಾನಿಸಿತು ಅನ್ನುವುದನ್ನು ಅಲ್ಲಿ ಹೇಳಲೇಬೇಕು. ಎನ್‌ಸಿಎಲ್‌ಟಿ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ಆದೇಶಗಳು ಮತ್ತು ಮುಂದಿನ ದಿನಾಂಕ ಕಾಣುತ್ತವೆ.

ದಿನದ ಲೆಕ್ಕವನ್ನೂ ಹಾಕಿ. ಪ್ರಕ್ರಿಯೆಗೆ 180 ದಿನ. ಸಮಿತಿಯ ಶೇ 66 ಮತದ ಮೇಲೆ ಅರ್ಜಿ ಹಾಕಿದರೆ ಎನ್‌ಸಿಎಲ್‌ಟಿ ಒಂದು ಸಲ 90 ದಿನದವರೆಗೆ ಹೆಚ್ಚಿಸಬಹುದು. ವ್ಯಾಜ್ಯದ ಸಮಯವೂ ಸೇರಿ ಒಟ್ಟು 330 ದಿನ ಅಂತ 2019ರಲ್ಲಿ ತಿದ್ದುಪಡಿ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಎಸ್ಸಾರ್ ಸ್ಟೀಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿದ್ದ 'ಕಡ್ಡಾಯವಾಗಿ' ಅನ್ನುವ ಪದವನ್ನು ತೆಗೆದುಹಾಕಿತು. ಅಂದರೆ ಅಪರೂಪಕ್ಕೆ 330 ದಾಟಬಹುದು. ಆದರೂ 300ನೇ ದಿನದಲ್ಲಿ ಕೇಳುವ ವಿಸ್ತರಣೆಗೂ 120ನೇ ದಿನದಲ್ಲಿ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಹಂತ 3: ಆರ್‌ಎಫ್‌ಆರ್‌ಪಿಯನ್ನು ಮತ್ತೆ ಓದಿ

ಬಹಳ ಜನ ಇದನ್ನು ಬಿಟ್ಟು ಸೀದಾ ವಕೀಲರ ಹತ್ತಿರ ಓಡುತ್ತಾರೆ. ಮೊದಲು ಒಂದು ಗಂಟೆ ಕೂತು ಓದಿ. ಗಡುವು ಯಾವ ಗಂಟೆಗೆ? ಕಳಿಸಿದ ಸಮಯ ಲೆಕ್ಕವೋ, ತಲುಪಿದ ಸಮಯವೋ? ಮೇಲ್ ಸಾಕೋ, ಮುಚ್ಚಿದ ಲಕೋಟೆಯೂ ಬೇಕೋ? ಪಾಸ್‌ವರ್ಡ್ ಪ್ರತ್ಯೇಕವಾಗಿ ಕಳಿಸಬೇಕೋ? ಠೇವಣಿ ಹಣ ಅದೇ ಗಡುವಿನೊಳಗೆ ಬರಬೇಕೋ?

ಇದಕ್ಕಿಂತ ಮುಖ್ಯವಾದದ್ದು ಸಮಿತಿ ತನ್ನಲ್ಲಿ ಉಳಿಸಿಕೊಂಡಿರುವ ಅಧಿಕಾರದ ಕಲಂ. "ಯಾವುದೇ ಹಂತದಲ್ಲಿ ಮಾತುಕತೆ ನಡೆಸಲು, ಪ್ರಕ್ರಿಯೆ ಬದಲಿಸಲು, ರದ್ದು ಮಾಡಲು ಸಮಿತಿಗೆ ಹಕ್ಕಿದೆ" ಅನ್ನುವ ಧಾಟಿಯ ಸಾಲು ಸಾಮಾನ್ಯವಾಗಿ ಇರುತ್ತದೆ. ಆ ಸಾಲು ಎಷ್ಟು ಬೆಲೆಬಾಳುತ್ತದೆ ಅಂತ ದಿವಾಳಿ ಪ್ರಕ್ರಿಯೆಗೆ ಬಂದ ಹಣಕಾಸು ಕಂಪನಿ ರಿಲಯನ್ಸ್ ಕ್ಯಾಪಿಟಲ್‌ನ ಪ್ರಕರಣ ತೋರಿಸಿತು.

2022ರ ಡಿಸೆಂಬರ್ 21ರಂದು ಅಲ್ಲಿ ಆನ್‌ಲೈನ್ ಹರಾಜು ನಡೆಯಿತು. ಟೊರೆಂಟ್ ಸಮೂಹ 8,640 ಕೋಟಿ ರೂಪಾಯಿ ಕೂಗಿ ಮುಂದೆ ನಿಂತಿತು. ಹಿಂದೂಜಾ ಸಮೂಹದ ಐಐಎಚ್‌ಎಲ್ 8,110 ಕೋಟಿಗೆ ನಿಂತಿತ್ತು. ಹರಾಜು ಮುಗಿದ ಮೇಲೆ ಐಐಎಚ್‌ಎಲ್ ಸುಮಾರು 9,000 ಕೋಟಿ ಕೊಡುತ್ತೇನೆ ಅಂತ ಬಂತು. ಟೊರೆಂಟ್ ಮುಂಬೈ ಎನ್‌ಸಿಎಲ್‌ಟಿಗೆ ಹೋಯಿತು. 2023ರ ಫೆಬ್ರುವರಿ 2ರಂದು ಆ ಪೀಠ ಟೊರೆಂಟ್ ಪರ ಹೇಳಿತು: ಬೆಲೆಯ ಸುತ್ತು ಮುಗಿದಿದೆ. ಒಂದು ತಿಂಗಳಿಗೆ, ಮಾರ್ಚ್ 2ರಂದು, ಎನ್‌ಸಿಎಲ್‌ಎಟಿ ಅದನ್ನು ತಿರುಗಿಸಿತು. ಆರ್‌ಎಫ್‌ಆರ್‌ಪಿಯಲ್ಲಿ ಸಮಿತಿ ಮಾತುಕತೆಯ ಹಕ್ಕು ಇಟ್ಟುಕೊಂಡಿದೆ, ಇನ್ನೊಂದು ಸುತ್ತು ನಡೆಸಬಹುದು ಅಂದಿತು. ಏಪ್ರಿಲ್‌ನ ಎರಡನೇ ಸುತ್ತಿನಲ್ಲಿ ಐಐಎಚ್‌ಎಲ್ 9,650 ಕೋಟಿಗೆ ಗೆದ್ದಿತು. ಗಮನಿಸಿ, ಇಲ್ಲಿ ಗೆದ್ದದ್ದು ತಡವಾಗಿ ಬಂದವರ ಹಕ್ಕಲ್ಲ. ಸಮಿತಿಗೆ ಬೇಕಿತ್ತು, ಅದಕ್ಕೆ ಅಧಿಕಾರ ಇತ್ತು, ಮತದಾನ ಇನ್ನೂ ಆಗಿರಲಿಲ್ಲ.

ಹಂತ 4: 24 ಗಂಟೆಯೊಳಗೆ ಪತ್ರ

ಪತ್ರ ಆರ್‌ಪಿಗೆ ಹೋಗಬೇಕು. ಎರಡು ಪುಟ ಮೀರಬೇಡಿ. ಅದರಲ್ಲಿ ಇರಬೇಕಾದದ್ದು ಇಷ್ಟು.

ಗಡುವು ಎಷ್ಟು ಗಂಟೆಗಿತ್ತು, ನಮ್ಮದು ಎಷ್ಟು ಗಂಟೆಗೆ ತಲುಪಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಿ. ಸುತ್ತಿ ಬಳಸಿ ಹೇಳಿದರೆ ನಂಬಿಕೆ ಹೋಗುತ್ತದೆ. ಕಾರಣವನ್ನು ದಿನಾಂಕ, ಗಂಟೆ ಸಮೇತ ಕೊಡಿ. ಪ್ಲಾನ್ ಸಂಪೂರ್ಣವಾಗಿ ಸಿದ್ಧವಿದೆ, ಠೇವಣಿ ಕಟ್ಟಿದ್ದೇವೆ, (ಯಾರು ಬಿಡ್ ಹಾಕಬಾರದು ಅಂತ ಹೇಳುವ) ಐಬಿಸಿಯ 29ಎ ಕಲಂ ಪ್ರಕಾರ ನಾವು ಅನರ್ಹರಲ್ಲ ಅನ್ನುವ ಅಫಿಡವಿಟ್ ಜೊತೆಗಿದೆ ಅಂತ ಬರೆಯಿರಿ. ಬೇರೆಯವರ ಪ್ಲಾನ್‌ನ ಯಾವ ಮಾಹಿತಿಯೂ ನಮಗೆ ಗೊತ್ತಿಲ್ಲ ಅಂತ ಸ್ಪಷ್ಟವಾಗಿ ಹೇಳಿ. ಸಮಯಕ್ಕೆ ಬಂದವರು ಮೊದಲು ಎತ್ತುವ ಆಕ್ಷೇಪವೇ ಅದು: "ನಮ್ಮ ಬೆಲೆ ನೋಡಿಕೊಂಡು ಆಮೇಲೆ ಹಾಕಿದ್ದಾರೆ."

ಕೊನೆಯಲ್ಲಿ ಬೇಡಿಕೆ ಎರಡೇ ಇರಲಿ. ಒಂದು, ಈ ಪತ್ರವನ್ನು ಸಮಿತಿಯ ಮುಂದಿನ ಸಭೆಯಲ್ಲಿ ಇಡಬೇಕು. ಎರಡು, 36ಬಿ ನಿಯಮದಡಿ ಅಂತಿಮ ಪಟ್ಟಿಯಲ್ಲಿರುವ ಎಲ್ಲರಿಗೂ ಗಡುವು ವಿಸ್ತರಿಸಬೇಕು. "ನಮಗೆ ಮಾತ್ರ" ಅಂತ ಎಂದೂ ಕೇಳಬೇಡಿ. ಒಬ್ಬರಿಗೇ ಕೊಟ್ಟ ವಿನಾಯಿತಿ ನಾಳೆ ನ್ಯಾಯಮಂಡಳಿಯಲ್ಲಿ ಉಳಿಯುವುದು ಕಷ್ಟ, ಸಮಿತಿಯ ವಕೀಲರಿಗೂ ಅದು ಗೊತ್ತು.

ಪ್ಲಾನ್ ಬೆಲೆಯನ್ನು ಮಾತ್ರ ಪತ್ರದಲ್ಲಿ ಬರೆಯಬೇಡಿ. ಸಮಿತಿಯವರು ಆಸೆಪಡಲಿ ಅಂತ ಕೆಲವರು ಬರೆದುಬಿಡುತ್ತಾರೆ. ನಿಮ್ಮ ಗುಟ್ಟೂ ಹೋಯಿತು, ಪ್ರಕ್ರಿಯೆಯ ಗುಟ್ಟೂ ಹೋಯಿತು.

ಹಂತ 5: ಸಾಕ್ಷ್ಯ ಕೂಡಿಸಿ

ಮೇಲ್ ವಾಪಸ್ ಬಂದಿದ್ದರೆ ಆ ಸಂದೇಶ, ಪೂರ್ತಿ ಹೆಡರ್ ಸಮೇತ. ಕಂಪನಿಯ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿರುವ ಡೇಟಾ ರೂಮ್ ಒಳಗೆ ಹೋಗಲು ಅನುಮತಿ ಯಾವಾಗ ಕೇಳಿದಿರಿ, ಯಾವಾಗ ಸಿಕ್ಕಿತು ಅನ್ನುವ ಮೇಲ್‌ಗಳು. ಕೇಳಿದ ಪ್ರಶ್ನೆಗಳು, ಬಾರದ ಉತ್ತರಗಳು. ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಮುಂಚೆ 65ಬಿ ಅನ್ನುತ್ತಿದ್ದೆವಲ್ಲ, ಅದೇ.

ಒಂದು ನೆಪ ಈಗ ನಡೆಯುವುದಿಲ್ಲ: "ಸಂಜೆ ಆಗಿತ್ತು, ಬ್ಯಾಂಕ್ ಮುಚ್ಚಿತ್ತು, ಠೇವಣಿ ಹೋಗಲಿಲ್ಲ." 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ಇದೆ. ಬ್ಯಾಂಕ್ ಗ್ಯಾರಂಟಿಯ ಮಾತು ಬೇರೆ. ಕಾಗದದ ಗ್ಯಾರಂಟಿಯಾದರೆ ಶಾಖೆಯ ಸಹಿ, ಸೀಲು ಬೇಕು.

ಹಂತ 6: ನಿಮ್ಮ ಕಾರಣವನ್ನು ತೂಗಿ ನೋಡಿ

ಇಲ್ಲಿ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬಾರದು.

ಗಟ್ಟಿ ಕಾರಣ ಅಂದರೆ ಪ್ರಕ್ರಿಯೆಯಲ್ಲೇ ಆದ ತಪ್ಪು. 30 ದಿನ ಕೊಡಲಿಲ್ಲ. ಆರ್‌ಎಫ್‌ಆರ್‌ಪಿಯ ಷರತ್ತು ಬದಲಿಸಿದರು, ಆದರೆ ಹೊಸದಾಗಿ ಸಮಯ ಕೊಡಲಿಲ್ಲ. ಉಳಿದವರಿಗೆ ಡೇಟಾ ರೂಮ್ ತೆರೆದು ಮೂರು ವಾರವಾದ ಮೇಲೆ ನಿಮಗೆ ತೆರೆದರು. ಒಬ್ಬರಿಗೆ ವಿಸ್ತರಣೆ ಕೊಟ್ಟು ಇನ್ನೊಬ್ಬರಿಗೆ ತಿಳಿಸಲೇ ಇಲ್ಲ. ಇಂಥವು ಇದ್ದರೆ ನಿಮ್ಮ ಅರ್ಜಿಗೆ ಬೆನ್ನೆಲುಬು ಇದೆ.

ಬಡ ಕಾರಣ ಅಂದರೆ ನಿರ್ದೇಶಕರು ವಿದೇಶದಲ್ಲಿದ್ದರು, ಪಾಲುದಾರರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು, ಸಲಹೆಗಾರರು ತಡ ಮಾಡಿದರು ಅನ್ನುವಂಥವು. ಇವನ್ನು ಸಮಿತಿ ಮನಸ್ಸು ಮಾಡಿದರೆ ಒಪ್ಪಬಹುದು. ನ್ಯಾಯಮಂಡಳಿ ಒತ್ತಾಯ ಮಾಡಿ ಒಪ್ಪಿಸುವುದಿಲ್ಲ.

"ನಾನು ಜಾಸ್ತಿ ದುಡ್ಡು ಕೊಡುತ್ತೇನೆ" ಅನ್ನುವುದು ಮತದಾನಕ್ಕೆ ಮುಂಚೆ ಸಮಿತಿಯ ಕಿವಿಗೆ ಹಿತವಾದ ಮಾತು. ಮತದಾನದ ನಂತರ ಕಾನೂನಿನಲ್ಲಿ ಅದಕ್ಕೆ ತೂಕ ಇಲ್ಲ. 2021ರ ಜನವರಿಯಲ್ಲಿ ಕಳಿಂಗ ಅಲೈಡ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಎನ್‌ಸಿಎಲ್‌ಎಟಿ ಇದನ್ನೇ ಹೇಳಿತು. ಸಮಿತಿ ಒಂದು ಪ್ಲಾನ್ ಒಪ್ಪಿದ ಮೇಲೆ ಇನ್ನೊಬ್ಬರ ಹೆಚ್ಚಿನ ಬೆಲೆಗಾಗಿ ಅದನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಹಂತ 7: ಹಳೆಯ ತೀರ್ಪು ಹಿಡಿದುಕೊಂಡು ಹೋಗಬೇಡಿ

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು 2018ರ ಎರಡು ಪ್ರಕರಣ. ಬಿನಾನಿ ಸಿಮೆಂಟ್‌ನಲ್ಲಿ ಸಮಿತಿ ದಾಲ್ಮಿಯಾ ಸಮೂಹದ ಪ್ಲಾನನ್ನು ಒಪ್ಪಿತ್ತು. ಅಲ್ಟ್ರಾಟೆಕ್ ಸುಧಾರಿಸಿದ ಬೆಲೆ ತಡವಾಗಿ ಬಂತು. ಆದರೂ ಕೊನೆಗೆ ಕಂಪನಿ ಅಲ್ಟ್ರಾಟೆಕ್‌ಗೆ ಹೋಯಿತು. ಎನ್‌ಸಿಎಲ್‌ಎಟಿ 2018ರ ನವೆಂಬರ್ 14ರಂದು ಒಪ್ಪಿತು, ಐದು ದಿನಕ್ಕೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇನ್ನೊಂದು ಭೂಷಣ್ ಪವರ್ ಆ್ಯಂಡ್ ಸ್ಟೀಲ್. ಅಲ್ಲಿ ಗಡುವು 2018ರ ಫೆಬ್ರುವರಿ 8. ಬ್ರಿಟನ್ನಿನ ಲಿಬರ್ಟಿ ಹೌಸ್ ಬಿಡ್ ಬಂದಿದ್ದು 20ಕ್ಕೆ. ಸಮಿತಿ ಬೇಡ ಅಂದಿತು. ಏಪ್ರಿಲ್‌ನಲ್ಲಿ ಎನ್‌ಸಿಎಲ್‌ಟಿ ಅದನ್ನೂ ಪರಿಗಣಿಸಿ ಅಂತ ಆದೇಶಿಸಿತು. ಸಮಯಕ್ಕೆ ಬಿಡ್ ಹಾಕಿದ್ದ ಟಾಟಾ ಸ್ಟೀಲ್ ವಿರೋಧಿಸಿತು. ಬಾಗಿಲು ಮತ್ತೆ ತೆರೆದ ಮೇಲೆ ಬೆಲೆ ಏರಿಸಿ ಮುಂದೆ ಬಂದದ್ದು ಬೇರೆಯವರೇ: ತೋರಣಗಲ್ಲಿನ ಸ್ಥಾವರದಿಂದ ನಮಗೆಲ್ಲ ಪರಿಚಿತವಾದ ಜೆಎಸ್‌ಡಬ್ಲ್ಯು. ಅವರ ಪ್ಲಾನ್ ಸುಮಾರು 19,700 ಕೋಟಿ ರೂಪಾಯಿಯದು. ಎನ್‌ಸಿಎಲ್‌ಟಿ 2019ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. 2025ರ ಮೇ 2ರಂದು ಸುಪ್ರೀಂ ಕೋರ್ಟ್ ಆ ಪ್ಲಾನನ್ನೇ ರದ್ದು ಮಾಡಿ ಕಂಪನಿಯನ್ನು ಮುಚ್ಚಲು ಹೇಳಿತು. ಜುಲೈನಲ್ಲಿ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಸೆಪ್ಟೆಂಬರ್ 26ರಂದು ಜೆಎಸ್‌ಡಬ್ಲ್ಯು ಪ್ಲಾನನ್ನು ಎತ್ತಿಹಿಡಿಯಿತು. 2017ರಲ್ಲಿ ಶುರುವಾದದ್ದು ಎಂಟು ವರ್ಷ ನಡೆಯಿತು. ಈ ಎಂಟು ವರ್ಷ ಅಲ್ಲಿನ ಕಾರ್ಮಿಕರು, ಸರಕು ಕೊಟ್ಟ ಸಣ್ಣ ವ್ಯಾಪಾರಿಗಳು ಹೇಗೆ ಕಳೆದಿರಬಹುದು ಅಂತ ನೆನೆದರೆ ಮನಸ್ಸು ಭಾರವಾಗುತ್ತದೆ.

ಇವೆರಡನ್ನು ತೋರಿಸಿ "ಆಗ ಕೊಟ್ಟರಲ್ಲ, ನನಗೂ ಕೊಡಿ" ಅಂದರೆ ಈಗ ಕೆಲಸ ಆಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಎರಡು ಬದಲಾವಣೆ ಬಂದವು. ಒಂದು, ಎಬಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಸಮಿತಿ ಒಪ್ಪಿ ಎನ್‌ಸಿಎಲ್‌ಟಿಗೆ ಹೋದ ಪ್ಲಾನನ್ನು ಗೆದ್ದವರೂ ಹಿಂದಕ್ಕೆ ಪಡೆಯುವಂತಿಲ್ಲ, ಬದಲಿಸುವಂತಿಲ್ಲ. ಇನ್ನೊಂದು, ನಿಯಮಾವಳಿಗೆ ಸೇರಿದ 39(1ಬಿ). ಗಡುವು ಮೀರಿ ಬಂದ ಪ್ಲಾನನ್ನು, ಅಂತಿಮ ಪಟ್ಟಿಯಲ್ಲಿಲ್ಲದವರ ಪ್ಲಾನನ್ನು ಸಮಿತಿ ಪರಿಗಣಿಸಕೂಡದು. ಪಕ್ಕದಲ್ಲೇ 39(1ಎ) ಇದೆ. ಆರ್‌ಎಫ್‌ಆರ್‌ಪಿಯಲ್ಲಿ ಹೇಳಿದ್ದರೆ ಪ್ಲಾನನ್ನು ಒಂದೇ ಸಲ ತಿದ್ದಲು ಬಿಡಬಹುದು, ಇಲ್ಲವೇ ಬೆಲೆ ಸುಧಾರಿಸುವ ಸುತ್ತು ನಡೆಸಬಹುದು.

ಅದೇ ವರ್ಷ ಡಿಸೆಂಬರ್ 17ರಂದು ಮೇಘಾಲಯದ ಒಂದು ಕಂಪನಿಯ ವಿಷಯದಲ್ಲಿ, ಙೈಟ್‌ಲಾಂಗ್ ಧರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಬೆಲೆ ಸುಧಾರಿಸಲು ಇನ್ನಷ್ಟು ಸಮಯ ಬೇಕು ಅಂದವರಿಗೆ ಸಮಿತಿ ಕೊಟ್ಟಿರಲಿಲ್ಲ. ಅದು ಸಮಿತಿಯ ವ್ಯಾಪಾರಿ ವಿವೇಚನೆ, ನಾವು ಕೈ ಹಾಕುವುದಿಲ್ಲ ಅಂದಿತು.

ಈ ನಿಯಮಗಳಿಗೆ ಪದೇಪದೇ ತಿದ್ದುಪಡಿ ಬರುತ್ತದೆ. ಅರ್ಜಿ ಬರೆಯುವ ದಿನ ಐಬಿಬಿಐ ಜಾಲತಾಣದಲ್ಲಿ ಇರುವ ಪಠ್ಯವನ್ನೇ ಇಟ್ಟುಕೊಳ್ಳಿ.

ಹಂತ 8: ಎನ್‌ಸಿಎಲ್‌ಟಿ ಅರ್ಜಿ

ಸಮಿತಿ ಬೇಡ ಅಂದಿದೆ, ಅಥವಾ ಆರ್‌ಪಿ ಉತ್ತರವನ್ನೇ ಕೊಡುತ್ತಿಲ್ಲ. ಕಾರಣ ಗಟ್ಟಿ ಇದೆ. ಆಗ ಮೂಲ ಪ್ರಕರಣದಲ್ಲೇ 60(5) ಕಲಂ ಅಡಿ ಮಧ್ಯಂತರ ಅರ್ಜಿ ಹಾಕಿ. ಆರ್‌ಪಿ ಮತ್ತು ಸಮಿತಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಯಾರಾದರೂ ಆಗಲೇ ಆಯ್ಕೆಯಾಗಿದ್ದರೆ ಅವರನ್ನೂ ಸೇರಿಸಿ. ಅವರನ್ನು ಬಿಟ್ಟರೆ ಮೊದಲ ದಿನವೇ ಆ ಆಕ್ಷೇಪ ಬಂದು ಎರಡು ವಾರ ಹೋಗುತ್ತದೆ. ನಿಮಗೆ ಇಲ್ಲದಿರುವುದೇ ಆ ಎರಡು ವಾರ.

ಪ್ರಾರ್ಥನೆಯಲ್ಲಿ "ನನ್ನ ಪ್ಲಾನ್ ಒಪ್ಪಿ" ಅಂತ ಬರೆಯಬೇಡಿ. ಯಾವ ಬಿಡ್‌ದಾರನಿಗೂ ತನ್ನ ಪ್ಲಾನ್ ಒಪ್ಪಲೇಬೇಕು ಅನ್ನುವ ಹಕ್ಕಿಲ್ಲ ಅಂತ ಆರ್ಸೆಲರ್ ಮಿತ್ತಲ್ ತೀರ್ಪು 2018ರಲ್ಲೇ ಹೇಳಿದೆ. "ನಮ್ಮ ಕೋರಿಕೆಯನ್ನು ಸಮಿತಿಯ ಮುಂದಿಟ್ಟು ತೀರ್ಮಾನಿಸಲು ಆರ್‌ಪಿಗೆ ನಿರ್ದೇಶನ ಕೊಡಿ, ಅಲ್ಲಿಯವರೆಗೆ ಮತದಾನ ತಡೆಯಿರಿ" ಅಂತ ಕೇಳಿ. ಮೊದಲ ಭಾಗ ಸಿಗುವ ಸಾಧ್ಯತೆ ಹೆಚ್ಚು. ಎರಡನೆಯದು ಸಿಕ್ಕರೆ ಅದೃಷ್ಟ. ಅರ್ಜಿಯ ಜೊತೆಗೆ ತುರ್ತು ವಿಚಾರಣೆಯ ಕೋರಿಕೆ ಇರಲೇಬೇಕು.

ಹಂತ 9: ನೀವು ಸಮಯಕ್ಕೆ ಬಂದವರಾಗಿದ್ದರೆ

ನಿಮ್ಮ ಕಷ್ಟವೂ ಸಣ್ಣದಲ್ಲ. ಕಷ್ಟಪಟ್ಟು ಗಡುವಿನೊಳಗೆ ಕೊಟ್ಟಿದ್ದೀರಿ, ಈಗ ಇನ್ನೊಬ್ಬರಿಗಾಗಿ ಬಾಗಿಲು ತೆಗೆಯುತ್ತಿದ್ದಾರೆ. ಸುಮ್ನೆ ಕೂರಬೇಡಿ. ಆಕ್ಷೇಪವನ್ನು ಆರ್‌ಪಿಗೆ ಅಂದೇ ಬರವಣಿಗೆಯಲ್ಲಿ ಕೊಡಿ. ಪ್ರತಿಭಟನೆ ದಾಖಲಿಸದೆ ಎರಡನೇ ಸುತ್ತಿನಲ್ಲಿ ಭಾಗವಹಿಸಿ, ಸೋತ ಮೇಲೆ ಪ್ರಶ್ನಿಸಿದರೆ ಯಾರೂ ಕಿವಿಗೊಡುವುದಿಲ್ಲ. "ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಭಾಗವಹಿಸುತ್ತಿದ್ದೇವೆ" ಅನ್ನುವ ಒಂದು ಸಾಲು ಸಾಕು.

ನಿಮ್ಮ ಬೆಲೆ ಹೊರಬಿದ್ದಿದೆಯೇ ಅನ್ನುವುದನ್ನು ಕೇಳಿ. ಲಕೋಟೆ ತೆರೆದ ದಿನಾಂಕ, ಸಭೆಯಲ್ಲಿ ಯಾರಿದ್ದರು ಅನ್ನುವ ವಿವರ ಕೇಳಿ. ನಿಮ್ಮ ಪ್ಲಾನ್ ಚರ್ಚೆಗೆ ಬರುವ ಸಭೆಯಲ್ಲಿ ಹಾಜರಿರಲು 30(5) ಕಲಂ ನಿಮಗೆ ಅವಕಾಶ ಕೊಡುತ್ತದೆ. ಮತ ಹಾಕುವಂತಿಲ್ಲ, ಕೂರಬಹುದು, ಮಾತಾಡಬಹುದು. ಅದನ್ನು ಬಿಡಬೇಡಿ.

ಹಂತ 10: ಅಪೀಲಿನಲ್ಲಿ ಮತ್ತೊಂದು ಗಡುವು ತಪ್ಪಿಸಬೇಡಿ

ಎನ್‌ಸಿಎಲ್‌ಟಿ ಆದೇಶದ ಮೇಲೆ ಎನ್‌ಸಿಎಲ್‌ಎಟಿಗೆ 30 ದಿನ. ತಕ್ಕ ಕಾರಣ ಇದ್ದರೆ ಇನ್ನು 15 ದಿನ. 46ನೇ ದಿನ ಬಂದರೆ ಮನ್ನಿಸುವ ಅಧಿಕಾರ ಅವರಿಗೇ ಇಲ್ಲ. ಲೆಕ್ಕ ಶುರುವಾಗುವುದು ಆದೇಶ ಹೇಳಿದ ದಿನದಿಂದ, ಪ್ರತಿ ನಿಮ್ಮ ಕೈಗೆ ಬಂದ ದಿನದಿಂದಲ್ಲ. 2021ರ ವಿ. ನಾಗರಾಜನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದರೆ, ಅದನ್ನು ತಯಾರಿಸಲು ಹಿಡಿದ ದಿನಗಳನ್ನು ಮಾತ್ರ ಕಳೆಯುತ್ತಾರೆ. ಹಾಗಾಗಿ ಆದೇಶ ಕೇಳಿದ ದಿನವೇ ಪ್ರತಿಗೆ ಅರ್ಜಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟಿಗೆ 45 ದಿನ, ಮೇಲೆ 15. ಅದೂ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ.

ಮುಂದಿನ ಬಿಡ್‌ಗೆ

ಪೀಣ್ಯದ ಆ ಉದ್ಯಮಿ ಈಗ ಮಾಡುವುದು ಇಷ್ಟು. ಫಾರಂ ಜಿ ಕಂಡ ದಿನವೇ ಬ್ಯಾಂಕ್ ಗ್ಯಾರಂಟಿಗೆ ಅರ್ಜಿ. ಗಡುವಿಗೆ ಹತ್ತು ದಿನ ಮುಂಚೆ ಸಮಯ ಸಾಲದು ಅನ್ನಿಸಿದರೆ ಆಗಲೇ ವಿಸ್ತರಣೆಯ ಪತ್ರ. ಗಡುವಿನ ಹಿಂದಿನ ದಿನ ಬೆಳಿಗ್ಗೆ ಒಂದು ಪರೀಕ್ಷಾ ಮೇಲ್, ತಲುಪಿತು ಅಂತ ಆರ್‌ಪಿ ಕಚೇರಿಯಿಂದ ಉತ್ತರ. ಪ್ಲಾನ್ ಹೋಗುವುದು ಅವತ್ತೇ ಮಧ್ಯಾಹ್ನ. ಬಿಡ್ ಸೋತರೆ ಠೇವಣಿ ವಾಪಸ್ ಕೇಳುವ ಪತ್ರವೂ ಕಡತದಲ್ಲಿ ಆಗಲೇ ಸಿದ್ಧ ಇರುತ್ತದೆ, ಖಾತೆ ಸಂಖ್ಯೆ ಸಮೇತ.